ಒಗೆಯಬಾರದ ಬಟ್ಟೆ

ಅಜ್ಜಿ ತುತ್ತನ್ನು ತುಟಿಗೆ ತಾಗಿಸಿದಳು. ಪುಟ್ಟ ಮಗು ಬಟಾಣಿ ಮುಖ ತಿರುಗಿಸಿತು. ಕಾಗೆ ತೋರಿಸಿದ್ದಾಯಿತು, ಬೆಕ್ಕಿನಂತೆ ಕೂಗಿದ್ದಾಯಿತು. ಕೊನೆಗೆ ಲಾಂಡ್ರಿಯ ಅಜ್ಜ ತಲೆಯ ಮೇಲೆ ಬಕೆಟ್ಟು ಕವುಚಿಕೊಂಡು ಕುಣಿದ.

"ಮಗು ನಗ್ಲಿಲ್ಲ, ಬಾಗಿಲಲ್ಲಿ ನಿಂತ ಗಿರಾಕಿ ನಕ್ಕ. ಇಳಿಸಿ ಅದನ್ನ," ಎಂದಳು ಅಜ್ಜಿ.

ಬಟಾಣಿ ಅವರ ಮೊಮ್ಮಗಳು. ಮೂರು ವರ್ಷ ತುಂಬಲು ಇನ್ನೂ ಕೆಲವು ತಿಂಗಳಿತ್ತು. ಹುಟ್ಟಿದಾಗ ಬಟಾಣಿಯಷ್ಟೇ ಇದ್ದಳೆಂದು ತಾಯಿ ಇಟ್ಟ ಮುದ್ದಿನ ಹೆಸರು. ಆ ತಾಯಿ, ಮುದುಕರ ಒಬ್ಬಳೇ ಮಗಳು, ಬೇಸಗೆಯ ಕೊನೆಯಲ್ಲಿ ಜ್ವರವೆಂದು ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಮಗುವಿನ ತಂದೆ ಎಂದೋ ಬೇರೆ ಸಂಸಾರ ಹೂಡಿದ್ದ. ಕೂಸು ಅಜ್ಜ ಅಜ್ಜಿಯ ಮಡಿಲಿಗೆ ಬಿತ್ತು.

ತಾಯಿ ಹೋದ ಮೇಲೂ ಮಗು ಉಣ್ಣುತ್ತಿತ್ತು, ಮಾತಾಡುತ್ತಿತ್ತು. ತಾಯಿಯ ಹಳೆಯ ನೈಟಿಯ ತುಂಡೊಂದು ಸದಾ ಅದರ ಕೈಯಲ್ಲಿರುತ್ತಿತ್ತು. ಅದಕ್ಕೆ ಮಗುವೇ ಇಟ್ಟ ಹೆಸರು ತಾಚಿ. ತಾಚಿಯ ಮೂಲೆ ಬಾಯಲ್ಲಿದ್ದರೆ ನಿದ್ದೆ, ಇಲ್ಲದಿದ್ದರೆ ರಂಪ. ಅದರ ಬಣ್ಣ ಯಾವುದೆಂದು ದೇವರೇ ಬಲ್ಲ. ಜೊಲ್ಲು, ಹಾಲು, ಮಣ್ಣು ಹಿಡಿದು ತೊಗಲಿನಂತೆ ಬಿರುಸಾಗಿತ್ತು.

ಅಜ್ಜ ಮೀಸೆ ಮೂಡುವ ಮುಂಚಿನಿಂದ ಊರವರ ಕೊಳೆ ತೆಗೆದು ಬದುಕಿದವನು. ದುಃಖ ತನ್ನ ಮನೆಗೇ ಬಂದಾಗಲೂ ಅವನ ಕೈಗೆ ಗೊತ್ತಿದ್ದುದು ಆ ಒಂದೇ ಕೆಲಸ. ಮಗಳ ಬಟ್ಟೆ, ಹಾಸಿಗೆ, ದಿಂಬಿನ ಚೀಲ ಎಲ್ಲವನ್ನೂ ಹಂಡೆಗೆ ಹಾಕಿ ಕುದಿಸಿ ಒಗೆದ. ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ತಾಚಿಯನ್ನೂ ಮೆಲ್ಲಗೆ ಎಳೆದುಕೊಂಡ. ಸೋಡಾದಲ್ಲಿ ನೆನೆಸಿ, ತಿಳಿನೀರಿನಲ್ಲಿ ಜಾಲಿಸಿ, ತುಸು ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಿಸಿ, ದಿಂಬಿನ ಪಕ್ಕ ಇಟ್ಟ. ಬಿಳಿಯ ಬಟ್ಟೆಯ ಮೇಲೆ ಸಣ್ಣ ನೀಲಿ ಹೂಗಳು ಕಾಣಿಸಿಕೊಂಡಿದ್ದವು. ಎದ್ದು ನೋಡಿದರೆ ಕುಣಿದಾಡುತ್ತಾಳೆ ಎಂದುಕೊಂಡ.

ಮಗು ಎದ್ದಿತು. ಬಟ್ಟೆಯನ್ನು ಮೂಗಿಗೆ ಹಿಡಿದು ಕೆಳಗಿಟ್ಟಿತು. ಮಂಚದಡಿ ಹುಡುಕಿತು, ಬಾಗಿಲ ಹಿಂದೆ ಹುಡುಕಿತು, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಹುಡುಕಿತು. ಅಜ್ಜನ ಕೈ ಮೂಸಿತು; ಅದಕ್ಕೂ ಆ ಒಗೆದ ಬಟ್ಟೆಯದೇ ವಾಸನೆ. ಅಳಲಿಲ್ಲ. ಅಂದಿನಿಂದ ಮಾತು ನಿಂತಿತು, ಅನ್ನವೂ ನಿಂತಿತು. ಗುಟುಕು ನೀರು, ಒಂದಿಷ್ಟು ಹಾಲು, ಅಷ್ಟೇ.

ಹೊಟ್ಟೆಯಲ್ಲಿ ಯಾವ ದೋಷವೂ ಇಲ್ಲವೆಂದು ಮಕ್ಕಳ ಡಾಕ್ಟರು ಮನಸ್ಸಿನ ಡಾಕ್ಟರಮ್ಮನಿಗೆ ಚೀಟಿ ಕೊಟ್ಟರು.

"ಗೇಣುದ್ದದ ಕೂಸಿಗೆ ಮನಸ್ಸಿನ ಡಾಕ್ಟ್ರು! ನಿಮ್ಮಂಥೋರನ್ನ ಕಟ್ಕೊಂಡು ನಾನೇ ಅವ್ರ ಹತ್ರ ಹೋಗ್ಲಿಲ್ಲ," ಎಂದು ಅಜ್ಜಿ ಗೊಣಗುತ್ತಲೇ ಮಗುವಿಗೆ ತಲೆ ಬಾಚಿ ಅಜ್ಜನ ಜೊತೆ ಕಳಿಸಿದಳು.

ಡಾಕ್ಟರಮ್ಮ ನೆಲದ ಮೇಲೆಯೇ ಕೂತಿದ್ದರು. ಸುತ್ತ ಆಟದ ಸಾಮಾನು. ಬಟಾಣಿ ಮರದ ಗೊಂಬೆಯೊಂದನ್ನು ಚಾಪೆಯಡಿ ತಳ್ಳಿತು. ಸ್ವಲ್ಪ ಕಾದಿತು. ಚಾಪೆ ಎತ್ತಿ ನೋಡಿ, ಮತ್ತೆ ತಳ್ಳಿತು. ನಗು ಮಾತ್ರ ಇಲ್ಲ. ಡಾಕ್ಟರಮ್ಮ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಒಂದೊಂದೇ ಕೇಳುತ್ತ ಬಂದರು. ತಾಚಿಯನ್ನು ಒಗೆದ ಮಾತು ಬಂದಾಗ ಅವರ ಕೈಯ ಪೆನ್ನು ನಿಂತಿತು.

"ಯಜಮಾನ್ರೇ, ಹುಟ್ಟಿದ ಮಗುಗೆ ತಾನು ಬೇರೆ, ತಾಯಿ ಬೇರೆ ಅಂತ ತಿಳಿಯಲ್ಲ. ಆಮೇಲೆ ನಿಧಾನಕ್ಕೆ ತಿಳಿಯುತ್ತೆ. ತಿಳಿದಾಗ ಹೆದರಿಕೆ ಆಗುತ್ತೆ. ಆಗ ಒಂದು ಬಟ್ಟೇನೋ ಗೊಂಬೇನೋ ಹಿಡ್ಕೊಳ್ಳುತ್ತೆ. ಅದರಲ್ಲಿ ತಾಯಿ ಅರ್ಧ, ತಾನು ಅರ್ಧ. ಅದರ ಕೊಳೇನೇ ಅದರ ಜೀವ."

"ಹಾಗಾದ್ರೆ ನಾನು..."

"ಹೇಗೆ ಗೊತ್ತಾಗ್ಬೇಕು ನಿಮಗೆ? ಆದ್ರೆ ಅವಳಿಗೆ ಅಮ್ಮ ಹೋಗಿದ್ದು ಆವತ್ತೇ. ಈ ವಯಸ್ಸಲ್ಲಿ ಬಿದ್ದ ಪೆಟ್ಟು ದೊಡ್ಡವಳಾದ್ರೂ ಉಳಿಯುತ್ತೆ."

ಒದ್ದೆ ಬಟ್ಟೆಯ ಮೇಲೆ ತಪ್ಪಿ ಇಸ್ತ್ರಿ ಬಿದ್ದರೆ ಅಲ್ಲಿ ಮೂಡಿದ ಮಡಿಕೆ ಬಟ್ಟೆ ಹರಿಯುವವರೆಗೂ ಹೋಗದು. ಅಜ್ಜನಿಗೆ ಅದು ಗೊತ್ತಿತ್ತು.

"ಅವರಮ್ಮನ ವಾಸನೆ ಇರೋ ಇನ್ನೊಂದು ಬಟ್ಟೆ, ಒಗೀದೇ ಇರೋದು, ಇದ್ಯಾ? ಸೋಮವಾರದೊಳಗೆ ತಿನ್ನದಿದ್ರೆ ಆಸ್ಪತ್ರೇಲಿ ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ."

"ನಮ್ಮದು ಲಾಂಡ್ರಿ ಮನೆ, ತಾಯಿ. ಒಗೀದ ಬಟ್ಟೆ ಎಲ್ಲಿಂದ ಬರ್ಬೇಕು?"

ನಾಲಿಗೆ ತಾನಾಗಿಯೇ ಸುಳ್ಳಾಡಿತ್ತು. ಬಟ್ಟೆ ಇತ್ತು. ಹಂಡೆಯ ಹಬೆಗೆ ಕೂದಲು ಒದ್ದೆಯಾಗದಂತೆ ಮಗಳು ತಲೆಗೆ ಕಟ್ಟುತ್ತಿದ್ದ ಕರವಸ್ತ್ರ ಅವಳು ಹೋದ ಮೇಲೆ ಇಸ್ತ್ರಿ ಮೇಜಿನ ಹಿಂದೆ ಸಿಕ್ಕಿತ್ತು. ಅಷ್ಟು ಹೊತ್ತಿಗೆ ಅಜ್ಜನಿಗೆ ಒಗೆಯುವ ಹುಚ್ಚು ಇಳಿದಿತ್ತು. ಅದನ್ನು ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟ. ದಿನವೂ ಬೆಳಗ್ಗೆ ಪ್ರಾರ್ಥನೆ ಮುಗಿಸಿ ಮುಚ್ಚಳ ಸರಿಸುವನು, ಒಂದೇ ಉಸಿರು ಎಳೆಯುವನು, ಮುಚ್ಚುವನು. ಕೂದಲ ಎಣ್ಣೆ, ಬೆವರು, ಮಗಳು. ಇತ್ತೀಚೆಗೆ ಆ ವಾಸನೆ ಬಲು ಬೇಗ ಕರಗುತ್ತಿತ್ತು. ಅವನು ಉಸಿರನ್ನು ಇನ್ನೂ ಚಿಕ್ಕದು ಮಾಡಿದ್ದ.

ಮನೆಗೆ ಬಂದು ದೇವರ ಮುಂದೆ ಕೂತ. ಇದೊಂದನ್ನು ಬಿಟ್ಟುಬಿಡು ತಂದೆ, ಬೇರೆ ಏನನ್ನಾದರೂ ಕೇಳು ಎಂದ. ದೇವರು ಏನನ್ನೂ ಕೇಳಲಿಲ್ಲ. ಒಳಗೆ ಅಜ್ಜಿಯ ಚಮಚ ತಟ್ಟೆಗೆ ತಾಗುವ ಸದ್ದು, ಆಮೇಲೆ ಅದನ್ನು ಕೆಳಗಿಡುವ ಸದ್ದು.

ಅಜ್ಜಿ ಬಂದು ಬಾಗಿಲಿಗೆ ಒರಗಿ ನಿಂತಳು. "ಏನಂದ್ರು ಡಾಕ್ಟ್ರಮ್ಮ?"

ಹೇಳಿದ. ತನ್ನ ಸುಳ್ಳನ್ನು ಮಾತ್ರ ಬಿಟ್ಟ.

"ಹಾಗಾದ್ರೆ ಡಬ್ಬಿ ತೆಗೀರಿ."

ಅಜ್ಜ ತಲೆ ಎತ್ತಿದ.

"ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನೀವು ಹಂಡೆಗೆ ಬೆಂಕಿ ಹಾಕೋಕೆ ಹೋದ ಮೇಲೆ ನಾನೂ ತೆಗೀತಿದ್ದೆ, ರೀ. ಒಂದೊಂದಿನ ಎರಡೆರಡು ಸಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾವಿಬ್ರೂ ಸೇರಿ ಅವಳನ್ನ ಖಾಲಿ ಮಾಡ್ಬಿಡ್ತೀವಿ. ಉಳಿದಿದ್ದಾದ್ರೂ ಮಗೂಗೆ ಇರ್ಲಿ."

ಇಬ್ಬರೂ ಕೊನೆಯ ಬಾರಿಗೆ ಬಗ್ಗಿ ಮೂಸಲೂ ಇಲ್ಲ. ಮೂಸಿದರೆ ಅಷ್ಟು ಕಡಿಮೆಯಾದೀತೆಂದು ಅಜ್ಜ ಉಸಿರು ಬಿಗಿಹಿಡಿದು ಬಟ್ಟೆ ತೆಗೆದ, ಮಗುವಿನ ತೊಡೆಯ ಮೇಲಿಟ್ಟ.

ಬಟಾಣಿ ಅದನ್ನು ನೋಡಿತು. ಎತ್ತಿ ಮೂಗಿಗೆ ಒತ್ತಿಕೊಂಡಿತು. ಆಮೇಲೆ "ಅಮ್ಮಾ" ಎಂದು ಕೂಗಿ ಅಳಲು ಹಿಡಿಯಿತು. ತಾಯಿ ಹೋದಂದಿನಿಂದ ಒಳಗೆ ಕೂತಿದ್ದ ಅಳು ಎಲ್ಲ ಬಂತು. ಅಜ್ಜಿ ಸುಮ್ಮನಿರಿಸಲಿಲ್ಲ, ಜೊತೆಗೆ ಅತ್ತಳು. ಕತ್ತಲಾಗುವ ಹೊತ್ತಿಗೆ ಮಗು ಬಟ್ಟೆಯ ಮೂಲೆ ಚೀಪುತ್ತಲೇ ಅನ್ನ ಉಂಡಿತು.

ನಳಿಗೆ ತಪ್ಪಿತು. ಸ್ವಲ್ಪ ದಿನದಲ್ಲೇ ಕರವಸ್ತ್ರಕ್ಕೆ ಜೊಲ್ಲಿನ, ಹಾಲಿನ ವಾಸನೆ ಹತ್ತಿತು. ಮಗಳ ವಾಸನೆ ಅದರೊಳಗೆ ಎಲ್ಲಿ ಮುಗಿಯಿತೋ ಯಾರಿಗೂ ತಿಳಿಯಲಿಲ್ಲ. ಖಾಲಿ ಡಬ್ಬಿಗೆ ಅಜ್ಜಿ ಲಾಂಡ್ರಿಯ ಪಿನ್ನು ತುಂಬಿದಳು. ಅಜ್ಜ ಬೆಳಗಿನ ಪ್ರಾರ್ಥನೆ ಮುಗಿಸಿ ಅಭ್ಯಾಸಬಲದಿಂದ ಕೈಯನ್ನು ಮೂಗಿನ ಬಳಿಗೆ ತರುವನು; ಬರೀ ಸೋಪು.

ಬಟಾಣಿ ಈಗ ಅಜ್ಜಿಯೊಡನೆ ಮಾತಾಡುತ್ತದೆ, ಬೆಕ್ಕಿನೊಡನೆ ಮಾತಾಡುತ್ತದೆ. ಅಜ್ಜ ಒಳಗೆ ಬಂದರೆ ಮಾತ್ರ ತುಟಿ ಬಿಗಿದು, ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತದೆ.

"ಇದು ಹೋಗುತ್ತಾ, ತಾಯಿ?" ಎಂದು ಅಜ್ಜ ಡಾಕ್ಟರಮ್ಮನನ್ನು ಕೇಳಿದ.

"ಕಾಯೋಣ," ಎಂದರು ಅವರು, ಗೊಂಬೆಗಳನ್ನು ಎತ್ತಿಡುತ್ತ.

ಅಂದಿನಿಂದ ಅಜ್ಜ ಮಗುವಿನ ಕೋಣೆಗೆ ಹೋಗುವಾಗಲೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲಲ್ಲೇ ನಿಲ್ಲುತ್ತಾನೆ.