ಕೆಳಗಿನ ಗೆರೆಯ ಮೂರು

ಹಾಳೆಯ ಮೇಲೆ ಅಡ್ಡಡ್ಡ ನಾಲ್ಕು ಗೆರೆ. ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೆ ಒಂದು ಮೂರು. ಅದರ ಮುಂದೆ ಅಂಕಿಯಿಲ್ಲ, ಗೆರೆಗಳು ಮಾತ್ರ ಹಾಳೆಯ ಅಂಚಿನವರೆಗೆ ಹೋಗಿ ನಿಂತಿವೆ. ನಮ್ಮವರು ನುಡಿಸುತ್ತಿದ್ದ ಒಂದು ಹಾಡಿನ ಕೊನೆ ಅದು. ಈಗಲೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಮೂರೇ.

ನಮ್ಮವರು, ಉಮಾಪತಿ, ಊರಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ಮದುವೆ ಮನೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಹಾಡುವವರ ಹಿಂದೆ ಡ್ರಮ್ಸಿನ ಪಕ್ಕಕ್ಕೆ ನಿಂತಿರುತ್ತಿದ್ದರು. "ಅಳಿಯಂದಿರು ನಿಂತಿದ್ದು ಕಾಣಿಸ್ತು, ನುಡಿಸಿದ್ದು ಮಾತ್ರ ಕೇಳಿಸಲಿಲ್ಲಮ್ಮ" ಎಂದು ನಮ್ಮಮ್ಮ ಪ್ರತಿ ಸಲವೂ ರಾಗ ಎಳೆಯುತ್ತಿದ್ದಳು. ನನಗೂ ಕೇಳಿಸುತ್ತಿರಲಿಲ್ಲ ಬಿಡಿ. ಹಾಡಿನ ಅಡಿಯಲ್ಲಿ ಗುಂಯ್‌ಗುಟ್ಟುವ ಏನೋ ಒಂದು, ಅಷ್ಟೆ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಅವರ ಎಡಗೈಯಿಂದ ಕಾಫಿ ಲೋಟ ಜಾರಿತು. ಪಾರ್ಶ್ವವಾಯು ಎಂದರು ಡಾಕ್ಟರು. ಮಾತು ಉಳಿಯಿತು, ಕಾಲು ನಿಧಾನಕ್ಕೆ ದಾರಿಗೆ ಬಂತು. ಎಡಗೈ ಮಾತ್ರ ಇಟ್ಟಲ್ಲೇ ಇರುತ್ತಿತ್ತು. ಗಿಟಾರಿಗೆ ಎಡಗೈ ತಂತಿ ಒತ್ತಬೇಕು, ಬಲಗೈ ಮೀಟಬೇಕು. ಬಲಗೈ ಒಂದನ್ನೇ ಇಟ್ಟುಕೊಂಡು ಏನು ಮಾಡುವುದು? ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಕೈಗೆ ವ್ಯಾಯಾಮ ಮಾಡಿ ಎಂದರೂ ಇಲ್ಲ, ಹೊರಗೆ ಬಂದು ಕೂತುಕೊಳ್ಳಿ ಎಂದರೂ ಇಲ್ಲ. ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು.

ಆರ್ಕೆಸ್ಟ್ರಾ ನಡೆಸುತ್ತಿದ್ದವರು ನಜೀರ್ ಸಾಹೇಬರು. ಡ್ರಮ್ಸ್ ನುಡಿಸುವವರೂ ಅವರೇ. ಅವರು ನೋಡಲು ಬಂದ ದಿನ ಇವರು ಈ ಕಡೆಗೆ ತಿರುಗಲೂ ಇಲ್ಲ.

"ಗಿಟಾರ್ ತಗೊಂಡ್ಹೋಗಿ ನಜೀರಣ್ಣ. ನಿಮ್ಮ ಮಗಳ ಮದುವೆ ಹತ್ರ ಬಂತು, ಹೊಸಬರು ಯಾರಾದ್ರೂ ಬೇಕಲ್ಲ ನಿಮಗೆ."

ಸಾಹೇಬರು ನನ್ನ ಮುಖ ನೋಡಿದರು. ಆ ಗಿಟಾರ್ ಹೊಸ್ತಿಲು ದಾಟಿದರೆ ಈ ಮನುಷ್ಯ ಮತ್ತೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ನನಗೆ ಅನಿಸಿಬಿಟ್ಟಿತು.

"ಎಲ್ಲಿಗೂ ಹೋಗಲ್ಲ ಅದು," ಅಂದೆ.

"ಇಟ್ಕೊಂಡು ಏನ್ಮಾಡ್ತೀಯ? ಯಾರು ನುಡಿಸ್ತಾರೆ?" ಎಂದರು ಇವರು.

"ನಾನು ನುಡಿಸ್ತೀನಿ."

ಹಾರ್ಮೋನಿಯಂ ಸಹ ಮುಟ್ಟಿದವಳಲ್ಲ ನಾನು. ಆದರೆ ಮಾತು ಬಾಯಿಂದ ಬಿದ್ದಾಗಿತ್ತು.

ಅವರು ಕಲಿಸಲಿಲ್ಲ. ಬೀರುವಿನಲ್ಲಿ ಅವರೇ ಬರೆದಿಟ್ಟ ಟ್ಯಾಬ್ ಹಾಳೆಗಳಿದ್ದವು. ಸ್ವರಜ್ಞಾನ ಇಲ್ಲದವರಿಗೂ ಅದು ಅರ್ಥವಾಗುತ್ತದೆಂದು ಹಿಂದೊಮ್ಮೆ ಹೇಳಿದ್ದರು: ನಾಲ್ಕು ಗೆರೆಯೆಂದರೆ ನಾಲ್ಕು ತಂತಿ, ಗೆರೆಯ ಮೇಲಿನ ಅಂಕಿಯೆಂದರೆ ಆ ತಂತಿಯನ್ನು ಎಷ್ಟನೆಯ ಮನೆಯಲ್ಲಿ ಒತ್ತಬೇಕು ಎಂಬುದು. ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳ ನಡುವಿನ ಜಾಗಕ್ಕೆ ಅವರು ಮನೆ ಎನ್ನುತ್ತಿದ್ದರು. ಇಷ್ಟೇ ತಾನೆ ಎಂದುಕೊಂಡು, ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು, ಸ್ಪೀಕರ್ ಪೆಟ್ಟಿಗೆಗೆ ವೈರು ಸಿಕ್ಕಿಸಿ, ಕೆಳಗಿನ ಗೆರೆಯ ಮೂರರಲ್ಲಿ ಮುಗಿಯುವ ಆ ಹಾಡಿನ ಹಾಳೆಯನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಒಂದೊಂದೇ ಅಂಕಿ ಹುಡುಕಿ ಮೀಟತೊಡಗಿದೆ. ಬೆರಳ ತುದಿಯಲ್ಲಿ ಬೊಬ್ಬೆ ಬಂತು. ಹುಣಸೆಹಣ್ಣು ಕಿವುಚುವಾಗ ಚುರುಚುರು ಉರಿಯುತ್ತಿತ್ತು. ಹಾಡು ಮಾತ್ರ ಹಾಡಿನಂತೆ ಕೇಳಲೇ ಇಲ್ಲ.

ಕೆಲವು ದಿನ ಹೀಗೆ ಕಳೆದ ಮೇಲೆ, ಒಂದು ಮಧ್ಯಾಹ್ನ ಬಾಗಿಲಲ್ಲಿ ಸದ್ದಾಯಿತು. ನೋಡಿದರೆ ನಮ್ಮವರು, ಚೌಕಟ್ಟು ಹಿಡಿದು ನಿಂತಿದ್ದಾರೆ.

"ನಿಲ್ಸೇ ತಾಯಿ! ಪಾಪದ ಹಾಡಿಗೆ ಶೀರ್ಷಾಸನ ಹಾಕಿಸ್ತಿದೀಯಲ್ಲ!"

"ಹಾಳೇಲಿ ಇದ್ದಂಗೇ ನುಡಿಸ್ತಿದೀನಿ."

"ಮೇಲಿನ ಗೆರೆ ಅಂದ್ರೆ ಯಾವ ತಂತಿ?"

ತೊಡೆಯ ಮೇಲಿನ ಗಿಟಾರನ್ನು ಬಗ್ಗಿ ನೋಡಿದೆ. ಎಲ್ಲಕ್ಕಿಂತ ಮೇಲೆ, ನನ್ನ ಮುಖಕ್ಕೆ ಹತ್ತಿರವಾಗಿ ಇದ್ದದ್ದು ದಪ್ಪ ತಂತಿ. "ಮೇಲಿನ ಗೆರೆ ಅಂದ್ರೆ ಮೇಲಿನ ತಂತಿ. ಇನ್ನೇನು ಮತ್ತೆ?"

"ತಲೆಕೆಳಗು ಕಣೇ! ಹಾಳೇಲಿ ಎಲ್ಲಕ್ಕಿಂತ ಕೆಳಗಿಂದು ದಪ್ಪ ತಂತಿ."

ಹೇಳಿದವರೇ ನಗಲು ಶುರುಮಾಡಿದರು. ಗೋಡೆಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ನಾನು ಬೇಕೆಂದೇ ಇನ್ನೊಂದು ಸಲ ತಲೆಕೆಳಗಾಗಿ ನುಡಿಸಿದೆ.

ಮಾರನೆಯ ದಿನದಿಂದ ಕುರ್ಚಿ ಹಾಕಿಕೊಂಡು ಎದುರಿಗೆ ಕೂತರು. ನನ್ನ ಎಡಗೈ ಬೆರಳುಗಳು ಸರಿಯಾದ ಮನೆಗೆ ಹೋಗುವುದನ್ನು ಕಲಿತವು. ಬಲಗೈಗೆ ಮಾತ್ರ ಬುದ್ಧಿ ಬರಲಿಲ್ಲ. ಒಮ್ಮೆ ಅವಸರ, ಇನ್ನೊಮ್ಮೆ ತಡ.

"ಎಲ್ಲಿ ಒತ್ತಬೇಕು ಅಂತ ಹಾಳೆ ಹೇಳತ್ತೆ. ಯಾವಾಗ, ಎಷ್ಟು ಹೊತ್ತು ಅಂತ ಹೇಳಲ್ಲ," ಎಂದರು.

"ಮತ್ತೆ ಅದನ್ನ ಎಲ್ಲಿ ಬರೆದಿಟ್ಟಿದೀರ?"

"ಬರೆಯೋಕಾಗಲ್ಲ ಅದನ್ನ," ಎಂದು ಬಲಗೈಯಿಂದ ತೊಡೆ ತಟ್ಟಿ ತೋರಿಸಿದರು.

ಎಷ್ಟು ತಟ್ಟಿ ತೋರಿಸಿದರೂ ನನಗೆ ಹತ್ತಲಿಲ್ಲ. ನಾನು ನುಡಿಸಬೇಕಿದ್ದ ಸಾಹೇಬರ ಮಗಳ ಮದುವೆ ಎದುರಿಗೇ ಬಂದು ನಿಂತಿತ್ತು. ಒಂದು ಸಂಜೆ ಆ ಹಾಡಿನ ಕೊನೆಗೆ ಬಂದವಳು ಕೈಚೆಲ್ಲಿದೆ.

"ನನ್ನಿಂದಾಗಲ್ಲ ರೀ. ಕೊಟ್ಬಿಡಿ ಇದನ್ನ ಅವರಿಗೆ."

ಅಳು ಬಂದುಬಿಟ್ಟಿತು. ಎಡಗೈ ಬೆರಳು ಮಾತ್ರ ದಪ್ಪ ತಂತಿಯ ಮೂರನೆಯ ಮನೆಯನ್ನು ಒತ್ತಿಕೊಂಡು ಹಾಗೇ ಇತ್ತು. ಅವರು ಕುರ್ಚಿಯಿಂದ ಮುಂದೆ ಬಗ್ಗಿ, ತಮ್ಮ ಬಲಗೈ ಚಾಚಿ ಆ ತಂತಿಯನ್ನು ಮೀಟಿದರು.

ಸ್ವರ ನನ್ನ ಬೆರಳಿನಿಂದ ಹೊರಟು ಎದೆಗೆ ಬಂತು. ನಾನು ಇಷ್ಟು ವರ್ಷ ಕೇಳಿಸಿಕೊಳ್ಳದೆ ಇದ್ದದ್ದು ಇದೇ ಎಂದು ಆಗ ಗೊತ್ತಾಯಿತು.

"ಮೊದಲಿನಿಂದ ಒತ್ಕೊಂಡು ಬಾ," ಎಂದರು ಸಣ್ಣ ದನಿಯಲ್ಲಿ.

ಮೊದಲ ಅಂಕಿ ಒತ್ತಿದೆ, ಅವರು ಮೀಟಿದರು. ಎರಡನೆಯದು ಒತ್ತಿದೆ, ಮೀಟಿದರು. ಹಾಳೆಯಲ್ಲಿ ಬರೆದಿದ್ದದ್ದು ಬರೀ ಎಡಗೈಯ ಕೆಲಸ. ಅದು ಈಗ ನನಗೆ ಬರುತ್ತಿತ್ತು.

ಮದುವೆಯ ದಿನ ನಮಗೆಂದು ವೇದಿಕೆಯ ಮೇಲೆ ಬೆಂಚು ಹಾಕಿಸಿದ್ದರು. ಗಿಟಾರಿನ ಒಡಲು ಅವರ ತೊಡೆಯ ಮೇಲೆ, ಕತ್ತು ನನ್ನ ಮುಂದೆ. ಅವರ ಎಡಗೈಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಮ್ಮಮ್ಮ ತಿರುಗಿ ಅವರನ್ನು ದುರುಗುಟ್ಟಿ ನೋಡಿದಳು.

"ರೆಡಿನಾ ಉಮಾಪತಿ?" ಎಂದರು ನಜೀರ್ ಸಾಹೇಬರು ಡ್ರಮ್ಸಿನ ಹಿಂದಿನಿಂದ.

"ನನ್ನನ್ನೇನು ಕೇಳ್ತೀರಿ? ಇವಳನ್ನ ಕೇಳಿ."

ಕೊನೆಯ ಹಾಡಾಗಿ ಅದನ್ನೇ ನುಡಿಸಿದೆವು. ಕೆಳಗಿನ ಗೆರೆಯ ಮೂರಕ್ಕೆ ಬಂದು ಒತ್ತಿದೆ, ಅವರು ಮೀಟಿದರು. ಡ್ರಮ್ಸ್ ನಿಂತಿತು, ಹಾಡುವವರು ಮೈಕು ಕೆಳಗಿಳಿಸಿದರು, ಚಪ್ಪಾಳೆ ಶುರುವಾಯಿತು. ನಾನು ಬೆರಳೆತ್ತಿದರೆ ಸ್ವರ ನಿಲ್ಲುತ್ತದೆ. ಎಷ್ಟು ಹೊತ್ತು ಒತ್ತಿರಬೇಕೆಂದು ಹಾಳೆಯಲ್ಲಿ ಇರಲಿಲ್ಲ. ತಿರುಗಿ ಅವರ ಮುಖ ನೋಡಿದೆ. ಸಾಕು ಎಂದು ಅವರು ಹೇಳಲಿಲ್ಲ. ನಾನು ಬೆರಳು ಎತ್ತಲಿಲ್ಲ.