ಗುಣ್ಯಾದ ಎದುರು ನಿಂತ ಜಾರುಮಣೆ

ನಾನು ಒಂದು ಜಾರುಮಣೆ. ನನ್ನನ್ನು ಕಂಡವರು ಕಡಿಮೆ, ಆದ್ದರಿಂದ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಮೇಜಿನ ನಡುವೆ ಗರಗಸದ ಚಕ್ರ ತಿರುಗುವ ಯಂತ್ರವೊಂದಿದೆ. ಆ ಮೇಜಿನ ಮೇಲೆ ಎರಡು ಉದ್ದನೆಯ ಕಾಲುವೆಗಳು. ಅವುಗಳೊಳಗೆ ನನ್ನ ಎರಡು ಕಾಲುಪಟ್ಟಿಗಳು ಕೂತು ನಾನು ಹಿಂದೆ ಮುಂದೆ ಜಾರುತ್ತೇನೆ. ನನ್ನ ಬೆನ್ನಿನ ಗೋಡೆಪಟ್ಟಿಗೆ ಒತ್ತಿ ಹಿಡಿದ ಹಲಗೆಯನ್ನು ಆ ಚಕ್ರ ಅಡ್ಡಕ್ಕೆ ನೇರವಾಗಿ ಕತ್ತರಿಸಬೇಕು. ಆಗದಿದ್ದರೆ ನಾನು ಒಲೆಗೆ ಹಾಕುವ ಕಟ್ಟಿಗೆ, ಅಷ್ಟೇ.

ನನ್ನನ್ನು ಮಾಡಿದವಳು ಗದಗಿನ ಕಾಳವ್ವ ಬಡಿಗೇರ. ಸಂಜೆ ತರಗತಿಯಲ್ಲಿ ಮರಗೆಲಸ ಕಲಿತವಳು. ಅಂಗನವಾಡಿಗಳಿಗೆ ನಲವತ್ತು ಪುಟ್ಟ ಮೇಜು ಮಾಡಿಕೊಡಲು ಒಪ್ಪಿಕೊಂಡಿದ್ದಳು. ಸ್ವಂತ ಯಂತ್ರವಿಲ್ಲ, ಕೈಗರಗಸದಲ್ಲಿ ಅದು ಮುಗಿಯುವ ಮಾತಲ್ಲ. ಜಾರುಮಣೆ ಇಟ್ಟು ಕೊಯ್ಯುತ್ತೇನೆ, ನಿಮ್ಮ ಯಂತ್ರ ಕೊಡಿ ಎಂದು ಓಣಿಯ ಹಿರಿಯ ಬಡಿಗ ಮೌನೇಶಪ್ಪನವರನ್ನು ಕೇಳಿದಳು.

"ಬರಿಗೈಲೆ ಅದರ ಹತ್ರ ಬಿಡಂಗಿಲ್ಲವಾ. ನನ್ನ ನೋಡು, ಒಂಬತ್ತೂವರಿ ಬೆರಳಿನ ಬಡಿಗ. ನೀ ಹೇಳ್ತೀಯಲ್ಲ, ಆ ಜಾರುಮಣಿ ಮಾಡ್ಕೊಂಡು ಬಾ. ನೇರ ಕೊಯ್ದ್ರ ವಾರಕ್ಕ ಎರಡು ದಿನ ಮಷೀನು ನಿಂದು. ಸೊಟ್ಟ ಕೊಯ್ದ್ರ ಅದನ್ನ ಬಗಲಾಗ ಇಟ್ಕೊಂಡು ನಡಿ."

ಬೇರೆಯವರ ಯಂತ್ರಕ್ಕೆ ಹುಟ್ಟುವುದು ಸುಲಭವಲ್ಲ. ಆ ಎರಡು ಕಾಲುವೆಗಳ ಅಗಲವೇ ಒಂದಲ್ಲ; ಎಡಗಡೆಯದು ಸವೆದಿತ್ತು. ಮೌನೇಶಪ್ಪ ಊಟಕ್ಕೆ ಹೋದಾಗೆಲ್ಲ ಕಾಳವ್ವ ಸಾಗವಾನಿಯ ಪಟ್ಟಿಗಳನ್ನು ತಂದು ಇಟ್ಟು ನೋಡುವಳು, ಮನೆಗೆ ಹೋಗಿ ಉಜ್ಜುವಳು, ಮತ್ತೆ ತರುವಳು. ಐದನೆಯ ಸಲಕ್ಕೆ ನಾನು ಕೂತೆ. ಮೇಣದಬತ್ತಿ ತಿಕ್ಕಿದ ಮೇಲೆ ಒಂದೇ ಬೆರಳಿಗೆ ಜಾರಿದೆ.

ಮೊದಲ ಹಲಗೆಯನ್ನು ಕತ್ತರಿಸಿದಳು. ಒಂದು ತುಂಡನ್ನು ಮಗುಚಿ, ಎರಡನ್ನೂ ಒಂದೇ ನೇರ ಪಟ್ಟಿಗೆ ಒರಗಿಸಿ, ಕತ್ತರಿಸಿದ ಅಂಚಿಗೆ ಅಂಚು ಸೇರಿಸಿ ಕಿಟಕಿಯ ಕಡೆ ಹಿಡಿದಳು. ನಾನು ಸೊಟ್ಟಗಿದ್ದರೆ ನಡುವೆ ಬೆಳಕು ಕಾಣಬೇಕು. ಕಾಣಲಿಲ್ಲ.

ಮೌನೇಶಪ್ಪ ದೇವರ ಗೂಡಿನಿಂದ ತಮ್ಮ ತಂದೆಯ ಗುಣ್ಯಾ ತಂದರು. ಮೂಲೆ ನೇರವಿದೆಯೇ ಎಂದು ನೋಡುವ ಉಕ್ಕಿನ ಅಳತೆ ಅದು. ಪ್ರತಿ ಮಹಾನವಮಿಗೆ ಅದಕ್ಕೆ ಪೂಜೆ. ನನ್ನ ಗೋಡೆಪಟ್ಟಿಗೂ ಗರಗಸದ ಚಕ್ರಕ್ಕೂ ತಾಗಿಸಿ ಬಗ್ಗಿ ನೋಡಿದರು.

"ಒಂದು ಕೂದಲು ಸೊಟ್ಟ ಐತಿ."

ಕಾಳವ್ವ ತನ್ನನ್ನು ತಾನೇ ಬೇಗ ನಂಬುವವಳಲ್ಲ. ನಾನೂ ಅವಳ ಕೈಯಲ್ಲೇ ಹುಟ್ಟಿದವನು. ಕಿಟಕಿ ಹೇಳಿದ್ದನ್ನು ಇಬ್ಬರೂ ಮರೆತೆವು. ಅವಳು ತಿರುಪು ಸಡಿಲಿಸಿ ಗುಣ್ಯಾ ಹೇಳಿದಂತೆ ನನ್ನ ಗೋಡೆಪಟ್ಟಿಯನ್ನು ಕೂರಿಸಿದಳು.

ಮೊದಲ ಮೇಜು ಜೋಡಿಸಿದಾಗ ಅದು ಕುಂಟಿತು. ನನ್ನಿಂದಲೇ ಆದದ್ದೆಂದು ನಾನು ನಾಚಿದೆ.

"ಕಟಗಿ ಮೋಸ ಮಾಡ್ತೈತಿ, ಮೂವತ್ತು ವರ್ಷದಿಂದ ನೋಡಾಕತ್ತೇನಿ," ಎಂದರು ಮೌನೇಶಪ್ಪ. "ಆದ್ರ ಮಾತು ಅಂದ್ರ ಮಾತು. ಎರಡನೇದೂ ಕುಂಟಿದ್ರ ನಡಿ."

ಕಾಳವ್ವ ಮೊದಲು ಕಿಟಕಿಗೆ ಹಿಡಿದಿದ್ದ ಎರಡು ತುಂಡುಗಳನ್ನು ಹುಡುಕಿ, ಮತ್ತೆ ಅಂಚು ಸೇರಿಸಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಕಾಕಾರ, ಗುಣ್ಯಾನ ಒಂದ್ಸಲ ನೋಡ್ಲೇನ್ರಿ?"

"ನಮ್ಮಪ್ಪನ ಗುಣ್ಯಾಕ್ಕ ಪರೀಕ್ಷಾ? ಸಂಜಿ ಸಾಲ್ಯಾಗಿಂದೇನು?"

"ಅದು ಪಾಸಾದ್ರ ನಾನ ನಡೀತೇನ್ರಿ."

ನೇರ ಅಂಚಿನ ಹಲಗೆಗೆ ಗುಣ್ಯಾ ತಾಗಿಸಿ ಪೆನ್ಸಿಲಿನಿಂದ ಗೆರೆ ಎಳೆದಳು. ಗುಣ್ಯಾವನ್ನು ಮಗುಚಿ, ಅದೇ ಚುಕ್ಕೆಯಿಂದ ಇನ್ನೊಂದು ಗೆರೆ. ಗುಣ್ಯಾ ಸರಿಯಿದ್ದರೆ ಎರಡೂ ಒಂದೇ ಆಗಬೇಕು. ಅವು ಬುಡದಲ್ಲಿ ಕೂಡಿ, ತುದಿಯಲ್ಲಿ ಅಗಲಿದವು.

ಮೌನೇಶಪ್ಪ ಪೆನ್ಸಿಲು ಕಸಿದುಕೊಂಡು ತಾವೇ ಎಳೆದರು. ಎರಡು ಸಲ ಎಳೆದರು. ಆಮೇಲೆ ಚಕ್ಕಳಮಕ್ಕಳ ಹಾಕಿ ನೆಲಕ್ಕೆ ಕೂತರು.

"ಹಂಗಾರ ನಮ್ಮನಿ ಬಾಗಿಲಾ ಬ್ಯಾಸಗಿಯಾಗೂ ಬಿಗಿಯೂದು ಕಟಗಿ ತಪ್ಪಲ್ಲ. ಪಾಪ, ಎಷ್ಟು ಬೈದೇನಿ ಅದಕ್ಕ."

ಎದ್ದು ತಿರುಪುಳಿಯನ್ನು ತಾವೇ ತಂದುಕೊಟ್ಟರು. "ಮೊದಲು ಹೆಂಗಿತ್ತು, ಹಂಗ ಮಾಡವಾ."

ಕುಂಟಿದ ಮೇಜಿನ ಹಲಗೆಗಳನ್ನೂ ನಾನೇ ಮತ್ತೆ ಕೊಯ್ದೆ. ನಲವತ್ತು ಮೇಜು. ಒಂದೂ ಅಲುಗಲಿಲ್ಲ. ಆ ವರ್ಷ ಮಹಾನವಮಿಗೆ ಮೌನೇಶಪ್ಪ ಗುಣ್ಯಾಕ್ಕೆ ಎಂದಿನಂತೆ ವಿಭೂತಿ ಹಚ್ಚಿ, ನನ್ನನ್ನು ಎತ್ತಿ ಅದರ ಪಕ್ಕದಲ್ಲಿಟ್ಟರು.

"ಅಪ್ಪಗ ಕೈ ಮುಗಿಯೂಣು. ಅಳತಿ ಇದನ್ನ ಕೇಳೂಣು."

ಈಗ ನನ್ನ ಕಾಲುಪಟ್ಟಿಗಳು ಸವೆದಿವೆ. ಕಾಳವ್ವ ಸ್ವಂತ ಯಂತ್ರ ಕೊಂಡಳು. ಅದರ ಕಾಲುವೆಗಳಿಗೆ ನನ್ನ ಕಾಲು ಹೊಂದಲಿಲ್ಲ; ನಾನು ಮೌನೇಶಪ್ಪನವರ ಅಂಗಡಿಯ ಗೋಡೆಯ ಮೊಳೆಯಲ್ಲೇ ಉಳಿದೆ. ಆ ಯಂತ್ರಕ್ಕಾಗಿ ಹೊಸ ಜಾರುಮಣೆ ಮಾಡುವ ದಿನ ಅವಳು ಬಂದು ನನ್ನನ್ನು ಇಳಿಸಿದಳು. ಒಂದೇ ಒಂದು ಹಲಗೆ ಕೊಯ್ಯಿಸಿದಳು.

ಇಷ್ಟು ಸವೆದ ನಾನು ನೇರ ಹೋದೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ. ಅವಳು ತುಂಡನ್ನು ಮಗುಚಿ, ಅಂಚು ಸೇರಿಸಿ, ಕಿಟಕಿಗೆ ಹಿಡಿದಳು.

ಬೆಳಕು ಕಾಣಲಿಲ್ಲ.

ಆ ತುಂಡನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಹೊಸ ಜಾರುಮಣೆಯ ಗೋಡೆಪಟ್ಟಿ ಕೂರಿಸುವಾಗ ಅದೇ ಅವಳ ಗುಣ್ಯಾ.