ಕವಲುದಾರಿಯಲ್ಲೊಂದು ಕೋಲು

ನಮ್ಮ ಲಾಂಗ್ ತೆವಾನ್ ಊರಿನಲ್ಲಿ ಕಾಡಿಗೆ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಹೋಗುವ ಜಾಗದ ಹೆಸರು ಬಾಯಿಂದ ಹೊರಬಿತ್ತೋ, ಅಲ್ಲಿನ ಹಂದಿಗಳೆಲ್ಲ ಅದನ್ನು ಕೇಳಿಸಿಕೊಂಡು ಜಾಗ ಖಾಲಿ ಮಾಡುತ್ತವೆ ಎಂದು ಹಿರಿಯರ ಕಾಲದಿಂದ ನಂಬಿಕೆ. ಹಾಗಾಗಿ ಗಂಡಸು ಈಟಿ ಹಿಡಿದು, ಬೆತ್ತದ ಬುಟ್ಟಿ ಬೆನ್ನಿಗೇರಿಸಿ, ನಾಯಿಗಳನ್ನೆಲ್ಲ ಕಟ್ಟಿಕೊಂಡು ಹೊರಟಿದ್ದರೂ "ಇಲ್ಲೇ ಸೊಪ್ಪು ನೋಡ್ಕೊಂಡು ಬರ್ತೀನಿ" ಅನ್ನುತ್ತಾನೆ. ಹೆಂಡತಿ "ಹೂಂ" ಅನ್ನುತ್ತಾಳೆ. ಸೊಪ್ಪು ನೋಡೋಕೆ ನಾಯಿಗಳು ಯಾಕೆ ಎಂದು ಅವಳು ಕೇಳುವುದಿಲ್ಲ.

ಬುಂಗಾನ್ ಹಾಗೆಯೇ ಬೆಳೆದವಳು. ಗಂಡ ಲೆಜೆಂಗ್‌ನನ್ನು ಅವಳು ಒಂದು ದಿನವೂ ಕೇಳಿದವಳಲ್ಲ. ಕೇಳುವ ಅಗತ್ಯವೂ ಬಿದ್ದಿರಲಿಲ್ಲ. ಲೆಜೆಂಗ್ ಅಂಥವನು. ತೊಗಟೆ ಮೂಸಿ ಮರದ ಹೆಸರು ಹೇಳುತ್ತಿದ್ದ. ಮಂಗಟ್ಟೆ ಹಕ್ಕಿಗಳು ತಲೆಯ ಮೇಲೆ ಹಾರಿಹೋದರೆ, ಅವು ಹೋದ ದಿಕ್ಕು ನೋಡಿ ಯಾವ ಗುಡ್ಡದಲ್ಲಿ ಅತ್ತಿ ಹಣ್ಣಾಗಿದೆ ಎಂದು ಹೇಳುತ್ತಿದ್ದ. ಬಾಯಾರಿದಾಗ ಸಾವಿರ ಬಳ್ಳಿಗಳ ನಡುವೆ ನೀರು ಕೊಡುವ ಬಳ್ಳಿಯನ್ನೇ ಹುಡುಕಿ ಕಡಿಯುತ್ತಿದ್ದ. ಅವನ ಜೊತೆ ಕಾಡಿಗೆ ಹೋದವರು ಹೊಟ್ಟೆ ತುಂಬಿಸಿಕೊಂಡೇ ಮನೆಗೆ ಬರುತ್ತಿದ್ದರು. ಬುಂಗಾನ್‌ಗೆ ಅವನ ಮೇಲೆ ಪ್ರೀತಿಯಷ್ಟೇ ಹೆಮ್ಮೆಯೂ ಇತ್ತು.

ಈಗ ಕೆಲವು ವರ್ಷಗಳಿಂದ ನಮ್ಮ ಕಾಡು ನೋಡಲು ಹೊರಗಿನವರು ಬರುತ್ತಾರೆ. ಊರಿನಿಂದ ನೀರು ಧುಮುಕುವ ಅಬ್ಬಿಯವರೆಗೆ ಒಳ್ಳೆಯ ಕಾಲುದಾರಿ ಇದೆ. ಬಂದವರು ಅಲ್ಲಿ ಸ್ನಾನ ಮಾಡಿ, ಫೋಟೋ ತೆಗೆಸಿಕೊಂಡು, ಜಿಗಣೆ ಕಿತ್ತುಕೊಂಡು ವಾಪಸಾಗುತ್ತಾರೆ. ಆದರೆ ಕುಚಿಂಗ್ ಪಟ್ಟಣದಿಂದ ಬಂದ ಟೀಚರ್ ಲಾವ್ ಅಷ್ಟಕ್ಕೇ ತೃಪ್ತಿಪಡುವ ಹೆಂಗಸಲ್ಲ. ಶಾಲೆಯ ಕೆಲಸದಿಂದ ನಿವೃತ್ತಿಯಾಗಿ, ಕಾಲಲ್ಲಿ ಕಸುವಿರುವಾಗಲೇ ಕಾಡು ನೋಡಬೇಕು ಎಂದು ಹೊರಟವರು. "ಎಲ್ಲರೂ ನೋಡಿದ್ದು ನಾನೂ ನೋಡಿ ಏನಾಗಬೇಕು ಲೆಜೆಂಗ್? ನೀವು ಹುಟ್ಟಿದ ಜಾಗ ತೋರಿಸಿ" ಎಂದರು. ಲೆಜೆಂಗ್ ಹುಟ್ಟಿದ್ದು ಊರಲ್ಲಲ್ಲ, ಅವನ ಅಪ್ಪ ಅಮ್ಮ ಇನ್ನೂ ಕಾಡಲ್ಲೇ ತಿರುಗಾಡಿಕೊಂಡಿದ್ದ ಕಾಲದಲ್ಲಿ, ಯಾವುದೋ ಕಣಿವೆಯ ಎಲೆಗುಡಿಸಲಲ್ಲಿ. ಅದನ್ನು ನೋಡಬೇಕು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವನ ಮುಖ ಅರಳಿಬಿಟ್ಟಿತು.

ಹೊರಡುವ ಬೆಳಿಗ್ಗೆ ಲೆಜೆಂಗ್‌ನ ಅಕ್ಕ ಮುಜಾನ್ ಮೆಟ್ಟಿಲ ಮೇಲೆ ಕೂತಿದ್ದಳು. ಕಾಡಿನಲ್ಲಿ ಆಪತ್ತಿಗೆ ಸಿಕ್ಕವರನ್ನು ಹುಡುಕಿ ತರುವುದು ಹೇಗೆಂದು ಕೆಳಹೊಳೆಯ ಪೇಟೆಯಲ್ಲಿ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದವಳು.

"ತಮ್ಮಾ, ಇವರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀಯ?"

ಬುಂಗಾನ್ ಅವಳ ತೋಳು ಚಿವುಟಿದಳು. "ಸುಮ್ನಿರಿ ಅತ್ತಿಗೆ. ಹೊರಡೋ ಹೊತ್ತಲ್ಲಿ ಹಾಗೆಲ್ಲ ಕೇಳ್ತಾರಾ?"

"ಬೇಟೆಗೆ ಹೋಗೋರನ್ನ ಕೇಳಬಾರದು, ಸರಿ. ಇವನೇನು ಟೀಚರನ್ನ ಕರ್ಕೊಂಡು ಹಂದಿ ಹೊಡೆಯೋಕೆ ಹೋಗ್ತಿದ್ದಾನಾ?"

"ಸೊಪ್ಪು ನೋಡೋಕೆ ಅಕ್ಕ" ಎಂದು ಲೆಜೆಂಗ್ ನಕ್ಕ.

"ಆ ಸೊಪ್ಪು ಹೊಳೆ ಈಚೆಗಿದ್ಯೋ ಆಚೆಗಿದ್ಯೋ? ಬಾಯಲ್ಲಿ ಹೇಳೋಕೆ ಆಗದಿದ್ರೆ ಕವಲಲ್ಲಿ ಒಂದು ಕೋಲಾದ್ರೂ ನೆಟ್ಟು ಹೋಗೋ."

ಟೀಚರ್‌ಗೆ ಕುತೂಹಲ. "ಕೋಲು ಅಂದ್ರೆ?"

ಲೆಜೆಂಗ್ ಅಂಗಳದಲ್ಲಿ ಬಿದ್ದಿದ್ದ ರೆಂಬೆಯೊಂದನ್ನು ಎತ್ತಿ, ತುದಿ ಸೀಳಿ, ನೆಲಕ್ಕೆ ಚುಚ್ಚಿ ತೋರಿಸಿದ. "ಹಿಂದೆ ನಮ್ಮೋರು ಅಲೀತಿದ್ದಾಗ, ಮುಂದೆ ಹೋದೋರು ಹಿಂದೆ ಬರೋರಿಗೆ ಹೀಗೆ ಸುದ್ದಿ ಬಿಟ್ಟು ಹೋಗ್ತಿದ್ರು ಟೀಚರ್. ಕೋಲು ವಾಲಿರೋ ಕಡೆಗೆ ಹೋಗಿದ್ದಾರೆ ಅಂತ. ಸೀಳಲ್ಲಿ ಎಷ್ಟು ಕಡ್ಡಿ ಇದ್ಯೋ ಅಷ್ಟು ಜನ. ಒಂದು ಎಲೆ ಮಡಿಸಿ ಸಿಕ್ಕಿಸಿದ್ರೆ, ಹೊಟ್ಟೆಗಿಲ್ಲ, ಬೇಗ ಬನ್ನಿ ಅಂತ."

"ಎಷ್ಟು ಚೆನ್ನಾಗಿದೆ. ಇದನ್ನ ಯಾಕೆ ಬಿಟ್ರಿ?"

"ಈಗ ಮನೆ ಇದೆಯಲ್ಲ. ಕೋಲು ಬೇಕಾಗೋದು ದಾರಿ ತಪ್ಪೋರಿಗೆ. ನನ್ನನ್ನ ಕಣ್ಣು ಕಟ್ಟಿ ಬಿಟ್ರೂ ಮನೆಗೆ ಬರ್ತೀನಿ."

"ಕಾಲು ಕಟ್ಟಿದ್ರೆ?" ಎಂದಳು ಮುಜಾನ್.

"ಬಿಡಿ ಅತ್ತಿಗೆ, ಅಪಶಕುನ" ಎಂದು ಬುಂಗಾನ್ ಸಿಡುಕಿದಳು. ಗಂಡನ ಪರ ವಹಿಸಿ ಮಾತಾಡಿದ್ದು ಅವಳಿಗೆ ಆಗ ಸರಿಯಾಗಿಯೇ ಕಂಡಿತ್ತು. ಲೆಜೆಂಗ್, ಟೀಚರ್ ಇಬ್ಬರೂ ಸಾಗೋ ಮರದ ಹಿಟ್ಟು, ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ ಕಟ್ಟಿಕೊಂಡು ಮರಗಳ ನಡುವೆ ಕಾಣದಾದರು.

ಕೆಲವು ದಿನ ಕಳೆದು, ಟೀಚರ್ ವಾಪಸು ಹೋಗಬೇಕಾಗಿದ್ದ ದೋಣಿ ಬಂತು. ಟೀಚರ್ ಬರಲಿಲ್ಲ. ದೋಣಿಯವನು ಮಧ್ಯಾಹ್ನದವರೆಗೆ ಕಾದು, ಬೀಡಿ ಸೇದಿ, ಮೋಡ ನೋಡಿ ಹೊರಟುಹೋದ. ಆಮೇಲೆ ಮೇಲ್ಕಣಿವೆಯಲ್ಲಿ ಮಳೆ ಹಿಡಿಯಿತು. ಹೊಳೆ ಕೆಂಪಗಾಗಿ, ಇಡೀ ಮರಗಳನ್ನು ಹೊತ್ತು ತರತೊಡಗಿತು. ಬುಂಗಾನ್ ಒಲೆಯ ಮುಂದೆ ಕೂತವಳು ಅಂಬಲಿ ಅಂಟಿಹೋಗಿದ್ದನ್ನೂ ಗಮನಿಸಲಿಲ್ಲ.

"ಅತ್ತಿಗೆ, ಅವರು ಯಾವತ್ತೂ ಇಷ್ಟು ತಡ ಮಾಡಿದೋರಲ್ಲ."

"ಗೊತ್ತು. ಏಳು, ಹುಡುಕೋಣ. ಯಾವ ಕಡೆ ಹೋಗಿರಬಹುದು?"

ಅದು ಬುಂಗಾನ್‌ಗೂ ಗೊತ್ತಿರಲಿಲ್ಲ. ಗಂಡ ಹುಟ್ಟಿದ ಕಣಿವೆ ಎಲ್ಲಿದೆ ಎಂಬುದು ಸತ್ತುಹೋದ ಅತ್ತೆ ಮಾವನಿಗೆ ಮತ್ತು ಅವನಿಗೆ ಮಾತ್ರ ಗೊತ್ತಿತ್ತು. ಮುಜಾನ್ ಅವನು ಹುಟ್ಟುವ ಮೊದಲಿಂದಲೂ ಬೇರೆ ಬೀಡಿನಲ್ಲಿ ಅಜ್ಜಿಯ ಹತ್ತಿರ ಬೆಳೆದವಳು.

ಅಬ್ಬಿಯ ಆಚೆ ದಾರಿ ಮೂರಾಗಿ ಒಡೆಯುತ್ತದೆ. ಒಂದು ಗುಡ್ಡದ ನೆತ್ತಿಗೆ, ಒಂದು ಹೊಳೆಗುಂಟ ಮೇಲಕ್ಕೆ, ಇನ್ನೊಂದು ಹೊಳೆ ದಾಟಿ ಆಚೆಗೆ. ಊರಿನ ಜನ ಅಲ್ಲಿ ನಿಂತರು. ಮಳೆ ಹೆಜ್ಜೆಗುರುತನ್ನೆಲ್ಲ ತೊಳೆದುಬಿಟ್ಟಿತ್ತು. ಅಷ್ಟು ಜನ ಕಾಡು ಬಲ್ಲವರು, ಎಲೆ ಅಲುಗಿದರೆ ಪ್ರಾಣಿ ಯಾವುದೆಂದು ಹೇಳುವವರು, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಕೊಂಡರು. ಇಲ್ಲಿ ಒಂದೇ ಒಂದು ಕೋಲಿದ್ದಿದ್ದರೆ ಇಷ್ಟು ಹೊತ್ತಿಗೆ ಅವರ ಹತ್ತಿರ ಇರುತ್ತಿದ್ದೆವು ಎಂದುಕೊಂಡಳು ಬುಂಗಾನ್. ಅತ್ತಿಗೆಯ ಬಾಯಿ ಮುಚ್ಚಿಸಿದವಳು ತಾನೇ.

ಮುಜಾನ್ ಜನರನ್ನು ಹಂಚಿದಳು. ಗುಡ್ಡಕ್ಕೆ ಕೆಲವರು, ಹೊಳೆಗುಂಟ ಕೆಲವರು. ತಾನು ಬುಂಗಾನ್ ಮತ್ತು ಇಬ್ಬರು ಗಟ್ಟಿ ಆಳುಗಳ ಜೊತೆ ಹೊಳೆ ದಾಟುವ ಜಾಗಕ್ಕೆ ಬಂದಳು. ನೀರು ಎದೆಮಟ್ಟ ಮೀರಿತ್ತು. ಬುಂಗಾನ್ ಸುಮ್ಮನೆ ಕೂರುವವಳಲ್ಲ, ಬುಟ್ಟಿ ಕೆಳಗಿಟ್ಟು ನೀರಿಗಿಳಿದೇಬಿಟ್ಟಳು. ಮುಜಾನ್ ಅವಳ ಸೊಂಟ ಹಿಡಿದು ಹಿಂದಕ್ಕೆಳೆದಳು.

"ನೀರು ಇಳಿಯೋವರೆಗೆ ಯಾರೂ ದಾಟೋ ಹಾಗಿಲ್ಲ."

"ನನ್ನ ಗಂಡ ಆಚೆ ಇದ್ರೆ?"

"ಇದ್ರೆ ಅವನಿಗೆ ಬದುಕಿರೋ ಹೆಂಡ್ತಿ ಬೇಕು. ಕೂತ್ಕೋ."

ಬುಂಗಾನ್ ಕೂತಳು. ಅತ್ತಳು. ಅತ್ತಿಗೆಯನ್ನು ಬಾಯಿಗೆ ಬಂದಂತೆ ಬೈದಳು. ಮುಜಾನ್ ಬೈಸಿಕೊಳ್ಳುತ್ತಲೇ ಬೆಂಕಿ ಮಾಡಿ, ಅವಳ ಕೈಗೆ ಬಿಸಿ ಅಂಬಲಿ ಕೊಟ್ಟಳು.

ಮರುದಿನ ನೀರು ಮೊಣಕಾಲಿಗೆ ಇಳಿದ ಮೇಲೆ ದಾಟಿದರು. ಆಚೆ ದಡದಲ್ಲಿ ಸಣ್ಣ ತೊರೆಯೊಂದು ಹೊಳೆಗೆ ಸೇರುವಲ್ಲಿ ಬುಂಗಾನ್ ಗಕ್ಕನೆ ನಿಂತಳು. ಅಲ್ಲಿ ಒಂದು ಕೋಲು ನೆಟ್ಟಿತ್ತು. ತೊರೆಯ ಮೇಲಿನ ದಿಕ್ಕಿಗೆ ವಾಲಿತ್ತು. ತುದಿಯ ಸೀಳಿನಲ್ಲಿ ಎರಡು ಕಡ್ಡಿ. ಅಲ್ಲಿಂದ ಕೆಳಗೆ, ಕೋಲಲ್ಲಿ ಜಾಗವಿದ್ದಷ್ಟೂ ಮಡಿಸಿದ ಎಲೆಗಳು, ಒಂದರ ಕೆಳಗೊಂದು ಬಳ್ಳಿಯಲ್ಲಿ ಕಟ್ಟಿದ್ದವು.

ಜೊತೆಗಿದ್ದವರಲ್ಲೊಬ್ಬ ನಕ್ಕೇಬಿಟ್ಟ. "ಇದೇನಿದು, ಹಸಿವೋ ಮದುವೆ ಮನೆ ತೋರಣವೋ?"

ಬುಂಗಾನ್‌ಗೂ ನಗು ಬಂತು. ಅವಳು ಕೋಲಿನ ತುದಿ ಮುಟ್ಟಿ ನೋಡಿದಳು. ಸೀಳು ಹರಿದು ಚೂರಾಗಿತ್ತು. ಮಚ್ಚಿನಿಂದ ಹತ್ತಾರು ಸಲ ಕಚ್ಚು ಹಾಕಿದಂತಿತ್ತು. ಲೆಜೆಂಗ್ ಒಂದೇ ಏಟಿಗೆ ಸೀಳುವವನು.

"ಅತ್ತಿಗೆ, ಇದು ಅವರ ಕೈಯಲ್ಲ" ಎಂದಳು. "ಇದನ್ನ ಟೀಚರ್ ನೆಟ್ಟಿದ್ದಾರೆ. ನನ್ನ ಗಂಡನಿಗೆ ನಡೆಯೋಕೆ ಆಗ್ತಿಲ್ಲ."

"ಕಡ್ಡಿ ಎರಡಿದೆ ನೋಡು. ಇಬ್ಬರೂ ಇದ್ದಾರೆ. ನಡಿ."

ತೊರೆಗುಂಟ ಮೇಲೆ ಹತ್ತಿದರು. ಕಲ್ಲುಗಳ ಮೇಲೆ ಪಾಚಿ, ಎರಡೂ ಕಡೆ ಆಳೆತ್ತರದ ಜರೀಗಿಡ. ಬುಂಗಾನ್ ಕೂಗಿದಳು. ಕೂಗಿ ಕಿವಿಗೊಟ್ಟಳು. ಕೊನೆಗೆ ಮೇಲಿನಿಂದ ಸಣ್ಣ ದನಿಯೊಂದು ಉತ್ತರ ಕೊಟ್ಟಿತು.

ಎಲೆ ಹೊದಿಸಿದ ಮಾಡಿನ ಕೆಳಗೆ ಲೆಜೆಂಗ್ ಕಾಲು ಚಾಚಿ ಮಲಗಿದ್ದ. ಕೊಳೆತ ದಿಮ್ಮಿಯೊಂದು ಕಾಲ ಕೆಳಗೆ ಮುರಿದು, ಅವನ ಮೊಣಕಾಲ ಕೆಳಗಿನ ಮೂಳೆಯೂ ಮುರಿದಿತ್ತು. ಪಕ್ಕದಲ್ಲಿ ಟೀಚರ್ ಲಾವ್, ಮೈಯೆಲ್ಲ ಕೆಸರು, ಕಾಲೆಲ್ಲ ಜಿಗಣೆ ಕಚ್ಚಿದ ಗಾಯ. ಅವನು ಮಲಗಿದಲ್ಲಿಂದಲೇ ಹೇಳಿಕೊಟ್ಟಂತೆ ಆ ಮಾಡು ಕಟ್ಟಿದವರು ಅವರು. ಬೆತ್ತದ ಚಿಗುರು ಕಿತ್ತು ಇಬ್ಬರ ಹೊಟ್ಟೆ ನೋಡಿಕೊಂಡವರೂ ಅವರೇ. ತೊರೆ ಬಿಟ್ಟು ಆಚೀಚೆ ಹೋಗಬೇಡಿ, ಕೋಲು ನೆಟ್ಟು ಅದೇ ದಾರಿಯಲ್ಲಿ ವಾಪಸು ಬನ್ನಿ ಎಂದು ಅವನು ಹೇಳಿದ್ದ. ಅವರು ಅದರಂತೆಯೇ ನಡೆದಿದ್ದರು. ಕಾಡಿಗೆ ಹೊಸಬರಾದ ಆ ಹೆಂಗಸಿನ ಧೈರ್ಯಕ್ಕೆ ಎಷ್ಟು ಕೈಮುಗಿದರೂ ಸಾಲದು.

"ಎಲೆ ಜಾಸ್ತಿ ಆಯ್ತಾ?" ಎಂದು ಟೀಚರ್ ಕೇಳಿದರು. "ಒಂದು ಎಲೆ ಅಂದ್ರೆ ಹಸಿವು ಅಂತ ಹೇಳಿದ್ರು. ನಮಗಿದ್ದ ಹಸಿವಿಗೆ ಒಂದು ಸಾಲದು ಅನ್ನಿಸ್ತು."

ಬುಂಗಾನ್ ಅವರನ್ನು ತಬ್ಬಿಕೊಂಡಳು. ಆಮೇಲೆ ಗಂಡನ ಹತ್ತಿರ ಕೂತು, ಅವನ ಮುಖ ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದಳು.

ಬೆತ್ತದ ಕುರ್ಚಿ ಹೆಣೆದು, ಅದನ್ನು ಬೆನ್ನಿಗೆ ಕಟ್ಟಿ ಲೆಜೆಂಗ್‌ನನ್ನು ಹೊತ್ತು ತಂದರು. ಪೇಟೆಯ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕಿದರು. ಊರಿಗೆ ಮರಳಿ ಜಗಲಿ ಮೇಲೆ ಕೂತ ಅವನು ಇನ್ನೂ ಹಠ ಬಿಟ್ಟಿರಲಿಲ್ಲ.

"ದಿಮ್ಮಿ ಮುರಿದಿದ್ದಕ್ಕೆ ನಾನೇನು ಮಾಡ್ಲಿ ಅಕ್ಕ? ಕೋಲು ನೆಟ್ಟಿದ್ರೆ ದಿಮ್ಮಿ ಮುರೀತಿರಲಿಲ್ವಾ?"

"ಮುರೀತಿತ್ತು. ಆದರೆ ನೀನು ಅಲ್ಲಿ ಅಷ್ಟು ದಿನ ನರಳ್ತಿರಲಿಲ್ಲ. ದೋಣಿ ಬಂದ ದಿನವೇ ನಾವು ಬರ್ತಿದ್ವಿ, ಮಳೆಗೂ ಮೊದಲೇ."

"ಹೋಗೋ ಜಾಗ ಹೇಳಬಾರದು ಅಂತ ಹಿರಿಯರೇ ಹೇಳಿದ್ದಲ್ವಾ?"

"ಬಾಯಲ್ಲಿ ಹೇಳಬಾರದು ಅಂದ್ರು. ಅದೇ ಹಿರಿಯರು ಕವಲು ಕವಲಲ್ಲೂ ಕೋಲು ನೆಡ್ತಿದ್ರು. ಬಾಯಿ ಮುಚ್ಚು, ಕೈಯಲ್ಲಿ ಹೇಳು ಅಂತ ಎರಡೂ ಕಲಿಸಿದ್ರು. ನೀನು ಸುಲಭದ್ದು ಒಂದು ಇಟ್ಕೊಂಡು ಇನ್ನೊಂದನ್ನ ಕೈಬಿಟ್ಟೆ. ಯಾವ ಹಂದಿಗಪ್ಪ ಕೋಲು ಓದೋಕೆ ಬರುತ್ತೆ?"

ಬುಂಗಾನ್ ಒಳಗಿನಿಂದ ಬಂದು ಅವನ ಮುಂದೆ ನಿಂತಳು.

"ನಿಮಗೆ ಕಾಡು ಗೊತ್ತಿಲ್ಲ ಅಂತ ಅಲ್ಲ. ನಿಮ್ಮಷ್ಟು ಗೊತ್ತಿರೋರು ಇನ್ನೊಬ್ಬರಿಲ್ಲ. ಆದರೆ ಆ ಕವಲಲ್ಲಿ ನಿಂತಿದ್ದೋಳು ನಾನು. ಮೂರು ದಾರಿ, ನೀವು ಯಾವುದರಲ್ಲಿದ್ದೀರಿ ಅಂತ ಗೊತ್ತಿಲ್ಲ. ಅದು ಹೇಗಿರುತ್ತೆ ಅಂತ ನಿಮಗೆ ಗೊತ್ತಾ?"

ಅದು ಅವನಿಗೆ ಗೊತ್ತಾದದ್ದು ಮುಂದಿನ ವಾರ. ಬುಂಗಾನ್ ಚಾಪೆಗೆ ಬೇಕಾದ ಬೆತ್ತ ತರಲು ಬೇರೆ ಹೆಂಗಸರ ಜೊತೆ ಹೋದಳು. ಎಲ್ಲಿಗೆಂದು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಸಂಜೆಯ ಹೊತ್ತಿಗೆ ಜೋರು ಮಳೆ ಬಂತು. ಕತ್ತಲಾಗುತ್ತ ಬಂದರೂ ಹೆಂಗಸರ ಸುಳಿವಿಲ್ಲ. ಲೆಜೆಂಗ್ ಊರುಗೋಲು ಹಿಡಿದು ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಕುಂಟುತ್ತ ಮೆಟ್ಟಿಲಿಳಿದು ಕಾಡಿನ ಬಾಯಿಗೆ ಹೋದ. ಅಲ್ಲಿ ಅಚ್ಚುಕಟ್ಟಾಗಿ ಸೀಳಿದ ಕೋಲೊಂದು ನಿಂತಿತ್ತು. ಹೊಳೆಯ ಈಚೆಯ ಗುಡ್ಡದ ಕಡೆಗೆ ವಾಲಿತ್ತು, ಸೀಳಿನಲ್ಲಿ ನಾಲ್ಕು ಕಡ್ಡಿ. ಹೊಳೆ ದಾಟಿಲ್ಲ, ಜೊತೆಗೆ ಜನ ಇದ್ದಾರೆ, ಗುಡ್ಡದಲ್ಲಿ ಕಲ್ಲಿನ ಆಸರೆ ಇದೆ. ಅವನು ಆ ಕೋಲಿನ ಮುಂದೆಯೇ ಮಳೆಯಲ್ಲಿ ಕೂತುಬಿಟ್ಟ.

ಮಳೆ ನಿಂತ ಮೇಲೆ ನಾಲ್ವರೂ ಬಂದರು. ಬುಂಗಾನ್ ಗಂಡನನ್ನು ನೋಡಿ ಬೆತ್ತದ ಹೊರೆ ಇಳಿಸಿದಳು.

"ಇಲ್ಲೇನು ಮಾಡ್ತಿದ್ದೀರಿ? ಹೆದರಿದ್ರಾ?"

"ಇಲ್ಲಿ ಬರೋವರೆಗೂ ಹೆದರಿದ್ದೆ" ಎಂದ ಲೆಜೆಂಗ್.

ಓದುತ್ತಿರುವವರೇ, ಕೇಳುತ್ತಿರುವವರೇ, ನಮ್ಮ ಕಾಡಿಗೆ ಬನ್ನಿ. ಹಾದಿ ಬಿಟ್ಟು ಒಳಗೆ ಹೋದಷ್ಟೂ ಅದು ಚೆಂದ, ನೋಡದೆ ಹೋದರೆ ನಿಮಗೇ ನಷ್ಟ. ಆದರೆ ಆ ನೆಲದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹೊಳೆ ಕೆಂಪಾಗಿದ್ದರೆ ಇಳಿಯಬೇಡಿ, ಕಾಯಿರಿ. ಏಟಾದರೆ, ದಾರಿ ತಪ್ಪಿದರೆ, ಅಲೆಯದೆ ಒಂದೇ ಕಡೆ ಇರಿ. ನಮ್ಮೂರಿನವರೇ ಆಗಲಿ, ನೆಂಟರೇ ಆಗಲಿ, ನಮ್ಮ ಕಾಡಿರಲಿ, ನಿಮ್ಮ ಕಾಡಿರಲಿ, ಯಾವ ಕಡೆಗೆ ಹೊರಟಿದ್ದೀರಿ, ಎಷ್ಟು ಜನ, ಯಾವತ್ತು ಬರುತ್ತೀರಿ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಬಾಯಲ್ಲಿ ಹೇಳಿ, ಬರೆದಿಡಿ, ಕೋಲು ನೆಡಿ, ನಿಮಗೆ ಹೇಗೆ ಬರುತ್ತದೋ ಹಾಗೆ. ಕಾಡು ನಿಮಗೆ ಅಂಗೈಯ ಗೆರೆಗಳಷ್ಟು ಚೆನ್ನಾಗಿ ಗೊತ್ತಿರಬಹುದು. ಹುಡುಕಿಕೊಂಡು ಬರುವವರಿಗೆ ನೀವು ಎಲ್ಲಿದ್ದೀರೆಂದು ಗೊತ್ತಿರುವುದಿಲ್ಲ.